ಪದಚರ್ಚೆ: ವೈರಸ್ ಸೋಂಕಿನಿಂದ ವಂಶದ ನರರೋಗ ‘ಬರುತ್ತದೆ’ ಎನ್ನಬಹುದೇ?

ಪ್ರಶ್ನೆ: ದಾವಣಗೆರೆ ಜಿಲ್ಲೆಯಲ್ಲಿ ಹಂಟಿಂಗ್‌ಟನ್ ಎಂಬ ವಂಶದ ನರರೋಗವಿರುವ ಕುಟುಂಬಗಳಿಗೆ ಹಂಚಲು ಒಂದು ಕರಪತ್ರ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ವೈರಸ್ ಸೋಂಕಿನಿಂದ ಆನುವಂಶಿಕ ನರಕ್ಷಯ ಬರಬಹುದು’ ಎಂದಿದೆ. ಜಗಳೂರು, ಹರಿಹರದ ಹಳ್ಳಿಗಳಲ್ಲಿ ಇದನ್ನು ಜನ ಹೇಗೆ ಅರ್ಥ ಮಾಡಿಕೊಂಡಾರು? ಬೇರೆ ಪದ ಸೂಚಿಸುವಿರಾ?

ಉತ್ತರ: ಸರ್, ‘ನರಕ್ಷಯ’ ಬೇಡ. ಕ್ಷಯ ಅಂದರೆ ಜನರಿಗೆ ಟಿಬಿ. ‘ನರದೌರ್ಬಲ್ಯ’ವೂ ಬೇಡ, ಗೋಡೆ ಜಾಹೀರಾತುಗಳು ಆ ಪದವನ್ನು ಗುಪ್ತರೋಗದ ಔಷಧಿಗೆ ಕಟ್ಟಿಹಾಕಿವೆ. ‘ಮೆದುಳಿನ ಜೀವಕೋಶಗಳು ನಿಧಾನಕ್ಕೆ ಸಾಯುತ್ತಾ ಹೋಗುವ ಕಾಯಿಲೆ’ ಎಂದು ಒಮ್ಮೆ ಬಿಡಿಸಿ ಬರೆದು, ಮುಂದೆ ‘ಈ ಕಾಯಿಲೆ’ ಎಂದರೆ ಸಾಕು.

ನಿಜವಾದ ತೊಡಕಿರುವುದು ‘ಸೋಂಕಿನಿಂದ ಬರಬಹುದು’ ಎಂಬಲ್ಲಿ. ಹಾಗೆ ಓದಿದವರು ರೋಗಿಯ ತಟ್ಟೆ, ಲೋಟ ಬೇರೆ ಇಡುತ್ತಾರೆ. ಹಂಟಿಂಗ್‌ಟನ್ ಯಾರಿಂದಲೂ ಯಾರಿಗೂ ಅಂಟುವುದಿಲ್ಲ. ಮೂಲ ಇರುವುದು 4ನೇ ವರ್ಣತಂತುವಿನ ಎಚ್‌ಟಿಟಿ ಜೀನಿನಲ್ಲಿ. ಅಲ್ಲಿ ಡಿಎನ್ಎ ಬರಹದ ಸಿಎಜಿ ಎಂಬ ಮೂರಕ್ಷರ 40 ಅಥವಾ ಹೆಚ್ಚು ಸಲ ಪುನರಾವರ್ತನೆಯಾಗಿದ್ದರೆ, ಆಯುಸ್ಸು ಇದ್ದಷ್ಟರಲ್ಲಿ ಕಾಯಿಲೆ ಕಾಣಿಸಿಕೊಳ್ಳುವುದು ಬಹುತೇಕ ಖಚಿತ. 36ರಿಂದ 39 ಇದ್ದರೆ ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ. ಸಾಮಾನ್ಯವಾಗಿ ಲಕ್ಷಣ ಶುರುವಾಗುವುದು 30ರಿಂದ 50ರ ವಯಸ್ಸಿನಲ್ಲಿ. ಈ ಎಣಿಕೆ ಹೆಚ್ಚಿದಷ್ಟೂ ಕಾಯಿಲೆ ಬೇಗ. ಆದರೂ ಒಂದೇ ಎಣಿಕೆಯ ಇಬ್ಬರಲ್ಲಿ ಹಲವು ವರ್ಷಗಳ ಅಂತರ ಇರಬಹುದು. ಆ ಅಂತರಕ್ಕೆ ಬೇರೆ ಜೀನ್‌ಗಳ ಪಾತ್ರವಿದೆ. ವೈರಸ್ ಸೋಂಕು, ಅದು ಎಬ್ಬಿಸುವ ಉರಿಯೂತ ಕೂಡ ಸೇರಿರಬಹುದೇ ಎಂಬುದು ಸಂಶೋಧನೆಯ ಪ್ರಶ್ನೆ, ಹಂಟಿಂಗ್‌ಟನ್ ಮಟ್ಟಿಗೆ ಸಾಬೀತಾದ ಸಂಗತಿಯಲ್ಲ. ಆದ್ದರಿಂದ ‘ಕಾರಣ’ ಎಂಬ ಪದ ಜೀನಿಗೆ ಮಾತ್ರ ಮೀಸಲಿರಲಿ.

‘ಪ್ರಚೋದಿಸು’ ಎಂಬ ಗಟ್ಟಿ ಕ್ರಿಯಾಪದ ಒಪ್ಪುವ ಕಾಯಿಲೆಗಳು ಬೇರೆ ಇವೆ. ಇಐಎಫ್2ಬಿ ಜೀನ್‌ಗಳ ದೋಷದಿಂದ ಮೆದುಳಿನ ಬಿಳಿಭಾಗ ಕರಗುವ ಮಕ್ಕಳಲ್ಲಿ ಸಾಧಾರಣ ಜ್ವರವೋ ತಲೆಗೆ ಸಣ್ಣ ಪೆಟ್ಟೋ ಸಾಕು, ಓಡಾಡುತ್ತಿದ್ದ ಮಗು ದಿಢೀರನೆ ಕುಸಿಯುತ್ತದೆ. ರ್‍ಯಾನ್‌ಬಿಪಿ2 ಎಂಬ ಜೀನಿನ ದೋಷವಿರುವವರಲ್ಲಿ ಕೆಲವರಿಗೆ ಫ್ಲೂ ಬಂದ ಕೆಲವೇ ದಿನಗಳಲ್ಲಿ ಮೆದುಳಿಗೆ ತೀವ್ರ ಹಾನಿಯಾಗುತ್ತದೆ. ಇದು ನಿಧಾನವಾಗಿ ಕ್ಷೀಣಿಸುವ ಕಾಯಿಲೆಯಲ್ಲ. ಇವನ್ನು ಹಂಟಿಂಗ್‌ಟನ್ ಕರಪತ್ರದಲ್ಲಿ ಬೆರೆಸಿದರೆ ಪ್ರತಿ ಜ್ವರಕ್ಕೂ ಮನೆಯವರು ನಡುಗುತ್ತಾರೆ.

‘ವಂಶಪಾರಂಪರ್ಯ’ ಅಂದರೆ ಮನೆಯವರಿಗೆಲ್ಲ ಬರುತ್ತದೆ ಎಂಬ ಭಯ ಹುಟ್ಟುತ್ತದೆ. ‘ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಶೇ. 50 ಸಾಧ್ಯತೆ’ ಎಂದು ಬರೆಯಿರಿ. ‘ಹುಟ್ಟಿನಿಂದ ಬಂದ ರೋಗ’ವೂ ತಪ್ಪು: ಹುಟ್ಟಿನಿಂದ ಇರುವುದು ಜೀನ್ ದೋಷ, ರೋಗಲಕ್ಷಣವಲ್ಲ.

ನನ್ನ ಸೂಚನೆ ಹೀಗಿದೆ: ‘ಈ ಕಾಯಿಲೆಗೆ ಕಾರಣ ತಂದೆ ಅಥವಾ ತಾಯಿಯಿಂದ ಬಂದ ಜೀನ್ ದೋಷ. ಇದು ಅಂಟುವುದಿಲ್ಲ. ವೈರಸ್ ಸೋಂಕಿನಿಂದ ಲಕ್ಷಣಗಳು ಬೇಗ ಕಾಣಿಸಿಕೊಳ್ಳುತ್ತವೆಯೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ.’

ಅಚ್ಚಿಗೆ ಹೋಗುವ ಮುನ್ನ ಆಶಾ ಕಾರ್ಯಕರ್ತೆಯೊಬ್ಬರಿಗೆ ಗಟ್ಟಿಯಾಗಿ ಓದಿಸಿ, ಕೇಳಿದವರನ್ನು ‘ಇದು ಅಂಟ್ತದಾ?’ ಎಂದು ಪ್ರಶ್ನಿಸಿ. ಯಾರಾದರೂ ‘ಹೂಂ’ ಎಂದರೆ ಮೊದಲೆರಡು ವಾಕ್ಯಗಳನ್ನು ಮತ್ತೆ ತಿದ್ದಬೇಕು.