ಹೊಳೆ ಬರುವ ಮುಂಚೆ ದೋಣಿ, ತೆಪ್ಪ ಎಲ್ಲಿಡಬೇಕು? ಅನುಭವ ಇದ್ದವರು ಹೇಳಿ

ಕೇಳಿದವನು, ಯಾದಗಿರಿ ಹತ್ತಿರದ ಭೀಮಾ ದಂಡೆ

ಅಣ್ಣಂದಿರೇ, ಅಕ್ಕಂದಿರೇ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗಿದೆ, ನಮ್ಮ ಕಡೆ ಭಾರಿ ಮಳೆ ಅಂತ ಸುದ್ದಿ ಬಂದಿದೆ. ನಮ್ಮ ಮನೆಯಲ್ಲಿ ಮೀನು ಹಿಡಿಯುವ ಒಂದು ಫೈಬರ್ ದೋಣಿ, ಎರಡು ತೆಪ್ಪ (ಬಿದಿರಿನ ದುಂಡನೆಯ ಹರಿಗೋಲು), ದೋಣಿಯ ಮೋಟಾರು ಇವೆ. ಅಪ್ಪನಿಗೆ ಹುಷಾರಿಲ್ಲ. ಈ ಸಲ ನಾನೇ ನೋಡಿಕೊಳ್ಳಬೇಕು. ದಂಡೆಯ ಮರಕ್ಕೆ ಬಿಗಿಯಾಗಿ ಕಟ್ಟಿದರೆ ಸಾಕಾ? ಚಂಡಮಾರುತ ಬರುವ ಮುಂಚೆ ಬಂದರಿನಲ್ಲಿ ಬೋಟುಗಳನ್ನು ಸಾಲಾಗಿ ಒಂದಕ್ಕೊಂದು ಕಟ್ಟುವ ವಿಡಿಯೊ ನೋಡಿದೆ. ನಾವೂ ಹಾಗೇ ಮಾಡಬಹುದಾ?

ಅಫಜಲಪುರ ಕಡೆಯ ಮೀನುಗಾರ

ತಮ್ಮಾ, ಕಟ್ಟುವುದು ಆಮೇಲಿನ ಮಾತು. ಮೊದಲು ಮೇಲಕ್ಕೆ ಎಳೆ. ನಮಗೆ ಗಾಳಿಗಿಂತ ನೀರಿನ ಭಯ ಜಾಸ್ತಿ.

2020ರ ಅಕ್ಟೋಬರ್ ನೆನಪಿದೆಯಲ್ವಾ? 13ನೇ ತಾರೀಕು ಕಾಕಿನಾಡ ಹತ್ತಿರ ದಡ ದಾಟಿದ ವಾಯುಭಾರ ಕುಸಿತ ತೆಲಂಗಾಣದ ಮೇಲೆ ಹಾದು ನಮ್ಮ ಕಡೆ ಬಂತು, ಆಮೇಲೆ ಮಹಾರಾಷ್ಟ್ರಕ್ಕೆ ಹೋಯಿತು. ಇಲ್ಲಿಗೆ ಬರುವಷ್ಟರಲ್ಲಿ ಗಾಳಿಯ ಜೋರು ಇಳಿದಿತ್ತು, ಮಳೆಯ ಜೋರು ಇಳಿದಿರಲಿಲ್ಲ. ನಮ್ಮಲ್ಲಿ ಮಳೆ ಕಡಿಮೆಯಾದ ಮೇಲೂ ಹೊಳೆ ಏರುತ್ತಲೇ ಇತ್ತು. ಮಹಾರಾಷ್ಟ್ರದ ಉಜನಿ, ವೀರ್ ಅಣೆಕಟ್ಟುಗಳಿಂದ ಬಿಟ್ಟ ನೀರು, ಸೀನಾ ಹೊಳೆಯ ನೀರು ಎಲ್ಲ ಸೇರಿ ನಮ್ಮ ತಾಲೂಕಿನ ಸೊನ್ನ ಬ್ಯಾರೇಜಿಗೆ ಬಂತು. ಹಾಗಾಗಿ ಬರೀ ಆಕಾಶ ನೋಡಿ ಲೆಕ್ಕ ಹಾಕಬೇಡ. ಉಜನಿಯಿಂದ ಎಷ್ಟು ಬಿಟ್ಟರು, ಸೊನ್ನದಿಂದ ಎಷ್ಟು ಬಿಟ್ಟರು ಅಂತ ಕೇಳುತ್ತಿರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಬಿಟ್ಟರು ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ನಿನ್ನ ಊರಿನ ಕಡೆ ಹೊರಟಿದೆ ಅಂತ.

ಮರಕ್ಕೆ ಬಿಗಿಯಾಗಿ ಕಟ್ಟಿದರೆ ಏನಾಗುತ್ತದೆ, ಕೇಳು. ನೀರು ಏರಿದ ಹಾಗೆ ದೋಣಿಯೂ ಏರಬೇಕು. ಹಗ್ಗ ಬಿಡುವುದಿಲ್ಲ. ಮೂತಿ ಕೆಳಗೆ ಜಗ್ಗಿ, ಹಿಂಭಾಗ ಮೇಲೇಳುತ್ತದೆ. ಮೂತಿಯ ಅಂಚಿನಿಂದ ನೀರು ಒಳಗೆ ಬರುತ್ತದೆ, ಮೊದಲು ಬೊಗಸೆಯಷ್ಟು, ಆಮೇಲೆ ಕೊಡಗಟ್ಟಲೆ. ಹಗ್ಗ ಹರಿಯುವುದಿಲ್ಲ, ಮರವೂ ಬೀಳುವುದಿಲ್ಲ, ದೋಣಿ ನಿಂತಲ್ಲೇ ಮುಳುಗುತ್ತದೆ. ಉದ್ದ ಬಿಟ್ಟು ಕಟ್ಟಿದರೆ ಹರಿವಿಗೆ ಸಿಕ್ಕಿ ಅತ್ತಿತ್ತ ಬಡಿದುಕೊಳ್ಳುತ್ತದೆ. ತೇಲಿ ಬರುವ ಒಂದು ಮರದ ಬೊಡ್ಡೆ ತಾಗಿದರೆ ಸಾಕು, ಫೈಬರ್ ಸೀಳುತ್ತದೆ. ನೀರು ಇಳಿದ ಮೇಲೆ ಎಷ್ಟೋ ದೋಣಿ ಜಾಲಿ ಗಿಡದ ಮೇಲೆ ಸಿಕ್ಕಿಕೊಂಡಿದ್ದು ನೋಡಿದ್ದೇನೆ.

ಗೂಟವನ್ನಂತೂ ನಂಬಲೇಬೇಡ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಹೊಡೆದ ಗೂಟ ಅಲುಗಾಡುವುದಿಲ್ಲ, ನಿಜ. ಅದೇ ಮಣ್ಣು ಚೆನ್ನಾಗಿ ನೆನೆದರೆ ಕೈಯಿಂದಲೇ ಕೀಳಬಹುದು. ಹೊಳೆ ಇಳಿಯುವಾಗ ದಂಡೆಯೇ ಕುಸಿಯುತ್ತದೆ, ದಂಡೆಯ ಮರವೂ ಅದರ ಜೊತೆ ಹೋಗುತ್ತದೆ.

2020ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಊರಿನ ಹಿರಿಯರನ್ನು ಕೇಳು. ಗುಡಿಯ ಗೋಡೆ, ಶಾಲೆಯ ಮೆಟ್ಟಿಲು, ಯಾವುದಾದರೂ ಗುರುತು ಹೇಳುತ್ತಾರೆ. ಅದಕ್ಕಿಂತ ಮೇಲೆ ಜಾಗ ನೋಡು.

ಸುರಪುರ ತಾಲೂಕು, ಕೃಷ್ಣಾ ದಂಡೆ

ಅಣ್ಣ ಹೇಳಿದ್ದು ಸರಿ ಇದೆ. ನಮ್ಮ ಕಡೆ ನಾರಾಯಣಪುರ ಅಣೆಕಟ್ಟಿನ ಗೇಟುಗಳೇ ಲೆಕ್ಕ. 2019ರ ಆಗಸ್ಟ್‌ನಲ್ಲಿ ಹೊಳೆಯ ನಡುಗಡ್ಡೆ ನೀಲಕಂಠರಾಯನ ಗಡ್ಡಿಗೆ ದಾರಿಯೇ ಇಲ್ಲದ ಹಾಗೆ ನೀರು ಬಂದಿತ್ತು. ನಾನು ತೆಪ್ಪದ ಬಗ್ಗೆ ಮಾತ್ರ ಹೇಳುತ್ತೇನೆ.

ತೆಪ್ಪ ಹಗುರ, ಇಬ್ಬರು ಹೊತ್ತುಕೊಂಡು ಹೋಗಬಹುದು. ಆದ್ದರಿಂದಲೇ ಜನ ಕೊನೆಗೆ ಬಿಡುತ್ತಾರೆ, ಅದು ತಪ್ಪು. ಮೇಲೆ ಒಯ್ದು ಬೋರಲು ಹಾಕಿ. ನೆಲಕ್ಕೆ ತಾಗದ ಹಾಗೆ ಅಂಚಿನ ಕೆಳಗೆ ಮೂರು ಕಡೆ ಕಲ್ಲು ಕೊಡಿ, ಇಲ್ಲದಿದ್ದರೆ ಬಿದಿರು ನೆನೆದು ಕೊಳೆಯುತ್ತದೆ. ಮೇಲೆ ಕಲ್ಲು ಹೇರಬೇಡಿ, ಡಾಂಬರು ಹಚ್ಚಿದ ಹೊದಿಕೆ ಹರಿಯುತ್ತದೆ. ಹಳೆಯ ಬಲೆ ಹೊದಿಸಿ, ಬಲೆಯ ಅಂಚಿಗೆ ಸುತ್ತಲೂ ಕಲ್ಲು ಕಟ್ಟಿ. ಗಾಳಿ ಎಷ್ಟೇ ಬಂದರೂ ಎತ್ತುವುದಿಲ್ಲ.

ಇನ್ನೊಂದು. ನೀರು ಇಳಿದ ಮೇಲೆ ತೆಪ್ಪವನ್ನು ಸುಮ್ನೆ ಕೈ ಹಾಕಿ ಎತ್ತಬೇಡಿ. ಒಳಗೆ ಹಾವು, ಚೇಳು ಸೇರಿರುತ್ತವೆ. ಉದ್ದ ಕೋಲಿನಿಂದ ತಟ್ಟಿ, ಆಮೇಲೆ ಎತ್ತಿ. ಕೃಷ್ಣಾ ದಂಡೆಯಲ್ಲಿ ಮೊಸಳೆಯ ಎಚ್ಚರವೂ ಇರಬೇಕು, ನೆರೆ ಬಂದಾಗ ಅವು ಹೊಲದವರೆಗೂ ಬರುತ್ತವೆ.

ಮಲ್ಪೆಯಲ್ಲಿ ದುಡಿಯುವ ಶಹಾಪುರದ ಹುಡುಗ

ದೋಸ್ತ, ನೀನು ನೋಡಿದ ವಿಡಿಯೊದ ಕೆಲಸ ನಾನು ಇಲ್ಲಿ ಮಾಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಬಂದರಿನಲ್ಲಿ 3ನೇ ನಂಬರ್ ಸಿಗ್ನಲ್ ಏರಿಸಿದರು ಅಂದರೆ ಬಿರುಗಾಳಿ ಹತ್ತಿರ ಇದೆ ಅಂತ. ಬೋಟುಗಳನ್ನು ಪಕ್ಕಪಕ್ಕ ನಿಲ್ಲಿಸಿ, ನಡುವೆ ಹಳೆಯ ಟೈರು ಇಳಿಬಿಟ್ಟು, ಹಿಂದೆ ಮುಂದೆ ಎರಡೂ ಕಡೆ ಹಗ್ಗ ಹಾಕುತ್ತೇವೆ. ಅಲೆಗೆ ಏರಿ ಇಳಿಯುವಷ್ಟು ಸಡಿಲ ಬಿಡುತ್ತೇವೆ. ಬೋಟಿನ ತಳದ ನೀರು ಪಂಪ್ ಮಾಡಿ ತೆಗೆಯುತ್ತೇವೆ, ಬ್ಯಾಟರಿಯ ವೈರ್ ಬಿಡಿಸುತ್ತೇವೆ, ಬಲೆ, ಬುಟ್ಟಿ, ಐಸ್ ಡಬ್ಬ ಯಾವುದನ್ನೂ ಮೇಲೆ ಬಿಡುವುದಿಲ್ಲ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರ ರಾಜ್ಯದ ಬೋಟುಗಳೂ ಕಾರವಾರ ಬಂದರಿಗೆ ಬಂದು ನಿಂತಿದ್ದವು.

ಆದರೆ ಬಂದರಿಗೆ ಕಲ್ಲಿನ ತಡೆಗೋಡೆ ಇರುತ್ತದೆ. ಒಳಗಿನ ನೀರು ಏರುತ್ತದೆ, ಇಳಿಯುತ್ತದೆ, ಓಡುವುದಿಲ್ಲ. ಭೀಮೆಯಲ್ಲಿ ಹತ್ತು ದೋಣಿ ಸೇರಿಸಿ ಕಟ್ಟಿದರೆ ಕಸ, ಮರ ಎಲ್ಲ ಅಲ್ಲೇ ಬಂದು ಸಿಕ್ಕಿಕೊಳ್ಳುತ್ತದೆ, ಆ ಭಾರಕ್ಕೆ ಹತ್ತೂ ಒಟ್ಟಿಗೆ ಹೋಗುತ್ತವೆ. ಇಲ್ಲಿಂದ ನೀನು ಕಲಿಯಬೇಕಾದದ್ದು ಎರಡೇ. ದೋಣಿಯ ಮೇಲೆ ಏನೂ ಬಿಡಬಾರದು. ಹಗ್ಗ ಉಜ್ಜುವ ಜಾಗಕ್ಕೆ ಏನಾದರೂ ಸುತ್ತಬೇಕು. ಸೈಕಲ್ಲಿನ ಹಳೆಯ ಟ್ಯೂಬ್ ಸೀಳಿ ಸುತ್ತಿದರೂ ನಡೆಯುತ್ತದೆ. ಹಗ್ಗ ಹರಿಯುವುದು ನಡುವೆ ಅಲ್ಲ, ಅಂಚಿಗೆ ಉಜ್ಜುವ ಜಾಗದಲ್ಲಿ.

ಹೊನಗುಂಟಾ ಕಡೆಯ ಅಕ್ಕ

ನಮ್ಮ ಹತ್ತಿರ ಕಾಗಿಣಾ ಬಂದು ಭೀಮೆಗೆ ಸೇರುತ್ತದೆ. ಭೀಮೆ ತುಂಬಿದ್ದರೆ ಕಾಗಿಣಾ ನೀರಿಗೆ ಮುಂದೆ ಹೋಗಲು ಜಾಗ ಇರುವುದಿಲ್ಲ, ಹಿಂದಕ್ಕೆ ಒತ್ತುತ್ತದೆ. ಹಳ್ಳಗಳಲ್ಲೂ ಹಾಗೇ. ದೋಣಿ ಎಳೆಯಲು ಆಗಲೇ ಇಲ್ಲ ಅಂದರೆ ಹಳ್ಳದ ಒಳಗೆ, ಹರಿವು ತಾಗದ ಕಡೆ ಒಯ್ಯುತ್ತಾರೆ. ಆದರೆ ಮೇಲಿನ ಹೊಲಗಳಲ್ಲಿ ಜೋರು ಮಳೆಯಾದರೆ ಆ ಹಳ್ಳವೇ ತುಂಬಿ ಬರುತ್ತದೆ. ನನ್ನನ್ನು ಕೇಳಿದರೆ ಬೇಡ ಅನ್ನುತ್ತೇನೆ. ಸೇತುವೆ, ಬ್ಯಾರೇಜಿನ ಮೇಲ್ಗಡೆಯಂತೂ ಬೇಡವೇ ಬೇಡ, ಹಗ್ಗ ಬಿಟ್ಟ ದೋಣಿ ನೇರ ಹೋಗಿ ಗೇಟಿಗೆ ಬಡಿಯುತ್ತದೆ.

ತಮ್ಮಾ, ದೋಣಿಯ ನಂಬರ್ ಕಾಣುವ ಹಾಗೆ ಈಗಲೇ ಫೋಟೊ ತೆಗೆದಿಡು, ಬಲೆಯದ್ದೂ ಸೇರಿಸಿ. ಲೈಸೆನ್ಸು, ಸೊಸೈಟಿಯ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕು. ದೋಣಿ, ಬಲೆ ಹಾಳಾದರೆ ವಿಪತ್ತು ಪರಿಹಾರದಲ್ಲಿ ಮೀನುಗಾರರಿಗೂ ನೆರವು ಇದೆ. ಪಂಚನಾಮೆ ಮಾಡುವಾಗ ಇದ್ದದ್ದಕ್ಕೆ ಪುರಾವೆ ಕೇಳುತ್ತಾರೆ. ಜಿಲ್ಲೆಯ ಸಹಾಯವಾಣಿ 1077 ಫೋನಿನಲ್ಲಿ ಇರಲಿ. ರಾತ್ರಿ ನೀರು ಏರಿ ದೋಣಿ ತೇಲಿ ಹೊರಟರೂ ಹಿಂದೆ ಇಳಿಯಬೇಡ. ಅಪ್ಪನಿಗೆ ದೋಣಿಗಿಂತ ನೀನು ಬೇಕು.

ಕೇಳಿದವನು

ಎಲ್ಲರಿಗೂ ಶರಣು. ತೆಪ್ಪ ಇವತ್ತೇ ಒಯ್ಯುತ್ತೇನೆ. ಫೈಬರ್ ದೋಣಿ ನಾಲ್ಕು ಜನರಿಗೆ ಎತ್ತಲು ಆಗುವುದಿಲ್ಲ, ಏನು ಮಾಡಲಿ?

ಅಫಜಲಪುರ ಕಡೆಯ ಮೀನುಗಾರ

ಎತ್ತಬೇಡ, ಉರುಳಿಸು. ಪಂಪ್‌ಸೆಟ್ಟಿನ ಹಳೆಯ ಪಿವಿಸಿ ಪೈಪಿನ ತುಂಡುಗಳಿದ್ದರೆ ಕೆಳಗೆ ಇಡು, ಮುಂದೆ ಎಳೆದ ಹಾಗೆ ಹಿಂದಿನ ತುಂಡು ತೆಗೆದು ಮುಂದೆ ಹಾಕು. ಟ್ರ್ಯಾಕ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಮಳೆ ಶುರುವಾಗುವ ಮುಂಚೆ ಕರೆಸು. ಎರೆ ಹೊಲ ನೆನೆದ ಮೇಲೆ ಟ್ರ್ಯಾಕ್ಟರೇ ಹೂತುಕೊಳ್ಳುತ್ತದೆ. ಹೇಗೂ ಬರುತ್ತದಲ್ಲ, ದಂಡೆಯ ಪಂಪ್‌ಸೆಟ್ ಮೋಟಾರುಗಳನ್ನೂ ಅದರಲ್ಲೇ ಮೇಲಕ್ಕೆ ಸಾಗಿಸಿ, ಬಾಡಿಗೆ ಹಂಚಿಕೊಳ್ಳಿ.

ದೋಣಿಯ ಮೋಟಾರು, ಎಣ್ಣೆ ಡಬ್ಬ ಬಿಚ್ಚಿ ಮನೆಯಲ್ಲಿಡು. ದೋಣಿಯನ್ನು ಬೋರಲು ಹಾಕಲು ಆಗದಿದ್ದರೆ ತಳದ ಬಿರಡೆ ತೆಗೆದು, ಮೂತಿ ಸ್ವಲ್ಪ ಮೇಲೆ ಮಾಡಿ ನಿಲ್ಲಿಸು. ಮಳೆ ನೀರು ಹರಿದು ಹೋಗಬೇಕು, ತುಂಬಿ ನಿಂತರೆ ಭಾರಕ್ಕೆ ತಳ ಬಿರಿಯುತ್ತದೆ. ಅಲ್ಲಿ ಹತ್ತಿರ ಗಟ್ಟಿ ಬೇವಿನ ಮರ ಇದ್ದರೆ ಆಗ ಕಟ್ಟು, ಎರಡು ಹಗ್ಗದಲ್ಲಿ. ಬಿಸಿಲಿಗೆ ಒಣಗಿ ಪುಡಿ ಉದುರುವ ಪ್ಲಾಸ್ಟಿಕ್ ಹಗ್ಗ ಬೇಡ, ನೈಲಾನ್ ಹಗ್ಗ ತಗೋ. ಬಿರಡೆಯನ್ನು ಮೋಟಾರಿಗೇ ಕಟ್ಟಿಡು, ಆಮೇಲೆ ಹುಡುಕುವುದು ತಪ್ಪುತ್ತದೆ.