ಚರ್ಮದ ಪಟ್ಟಿಗೆ ಉಜ್ಜಿದ ಮೇಲೆ ಕಸಿ ಚಾಕು ಮೊಂಡಾಗುತ್ತಿದೆ, ಯಾಕೆ?

ಸಕಲೇಶಪುರ_ತೋಟ:
ನಮಸ್ಕಾರ. ಬ್ರೆಜಿಲ್ ಹಿಪ್ಪಲಿಗೆ (ಬುಡಕ್ಕೆ ಬಳಸುವ ಗಿಡ) ಕಾಳುಮೆಣಸು ಕಸಿ ಕಟ್ಟುವ ಚಾಕು ಇದು. 1000 ಗ್ರಿಟ್ ಕಲ್ಲಿನಲ್ಲಿ ಮಸೆದರೆ ಮುಂಗೈ ಕೂದಲು ಬೋಳಿಸುವಷ್ಟು ಹರಿತ ಬರುತ್ತದೆ. ಇನ್ನೂ ನುಣುಪಾಗಲಿ ಅಂತ ಹಳೆಯ ಬೆಲ್ಟನ್ನು ಸಿಲ್ವರ್ ಓಕ್ ಹಲಗೆಗೆ ಫೆವಿಕಾಲ್ ಹಾಕಿ ಅಂಟಿಸಿ, ಹಸಿರು ಪಾಲಿಶ್ ಹಚ್ಚಿ ಉಜ್ಜಿದೆ. ಈಗ ಫಳಫಳ ಹೊಳೆಯುತ್ತದೆ, ಆದರೆ ಕಡ್ಡಿ ಸೀಳಲು ಹೋದರೆ ಜಾರುತ್ತದೆ. ಪಾಲಿಶ್ ಕಳಪೆಯಾ?

ಹಾಸನ_ಬಡಗಿ:
ಪಾಲಿಶನ್ನು ಬೈಯಬೇಡಿ ಸಾರ್. ಆ ಹಸಿರು ಸಾಮಾನ್ಯವಾಗಿ ಕ್ರೋಮಿಯಂ ಆಕ್ಸೈಡ್. ಎಲ್ಲಿ ತಾಗುತ್ತೋ ಅಲ್ಲಿ ನಿಧಾನಕ್ಕೆ ಸವೆಸುತ್ತದೆ, ಅಷ್ಟೇ ಅದರ ಕೆಲಸ. ಎಲ್ಲಿ ತಾಗುತ್ತಿದೆ ಅಂತ ನೋಡಿ. ಅಲಗಿನ ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿದು ನಾಲ್ಕೈದು ಸಲ ಎಳೆಯಿರಿ. ಮಸಿ ಪೂರ್ತಿ ಹೋದರೆ ಕೋನ ಸರಿ. ಬಾಯಿಯ (ಕೊಯ್ಯುವ ಅಂಚಿನ) ಹತ್ತಿರ ಮಾತ್ರ ಗೆರೆಯಷ್ಟು ಹೋಗಿದ್ದರೆ ಬೆನ್ನನ್ನು ಜಾಸ್ತಿ ಎತ್ತುತ್ತಿದ್ದೀರಿ, ಬಾಯಿ ದುಂಡಾಗುತ್ತಿದೆ. ಮೇಲ್ಗಡೆ ಮಾತ್ರ ಹೋಗಿದ್ದರೆ ಹೊಳಪಷ್ಟೇ ಲಾಭ.

ಬೆಲ್ಟಿನ ತುದಿ ಕತ್ತರಿಸಿಯೂ ನೋಡಿ. ನಡುವೆ ಬಟ್ಟೆಯೋ ಸ್ಪಂಜೋ ಕಂಡರೆ ಅದು ರೆಕ್ಸಿನ್. ಒತ್ತಿದಲ್ಲಿ ತಗ್ಗಿ, ಬಾಯಿ ದಾಟಿದ ಕೂಡಲೇ ಮೇಲೆದ್ದು ಅಂಚನ್ನು ಉಜ್ಜಿಬಿಡುತ್ತದೆ. ದಪ್ಪ, ಮೆತ್ತನೆ ಚರ್ಮವಾದರೂ ಅದೇ ಕಥೆ. ಸುಮ್ನೆ ಚಾಕುವಿನ ಭಾರಕ್ಕೆ ಬಿಟ್ಟು ಎಳೆದರೆ ಸಾಕು.

ಸಕಲೇಶಪುರ_ತೋಟ:
ಬಾಯಿಯ ಹತ್ತಿರದ ಮಸಿಯೇ ಹೋಗಿದೆ. ಬೆಲ್ಟ್ ಚರ್ಮದ್ದೇ. ಎರಡೂ ಕಡೆ ಒಂದೇ ಕೋನದಲ್ಲಿ ಎಳೆಯುತ್ತಿದ್ದೇನೆ.

ಮೂಡಿಗೆರೆ_ನರ್ಸರಿ:
ಎರಡೂ ಕಡೆ ಯಾಕಣ್ಣ? ಕಸಿ ಚಾಕುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಡೆ ಇಳಿಜಾರು, ಇನ್ನೊಂದು ಕಡೆ ಚಪ್ಪಟೆ. ನಿಮ್ಮದೂ ಹಾಗಿದ್ದರೆ ಚಪ್ಪಟೆ ಕಡೆಯನ್ನು ಪಟ್ಟಿಯ ಮೇಲೆ ಪೂರ್ತಿ ಮಲಗಿಸಿ ಎಳೆಯಬೇಕು. ಸ್ವಲ್ಪ ಎತ್ತಿದರೂ ಅಲ್ಲೊಂದು ಪುಟ್ಟ ಇಳಿಜಾರು ಹುಟ್ಟುತ್ತದೆ. ಆಮೇಲೆ ಚಾಕು ನೇರ ಹೋಗುವುದಿಲ್ಲ, ಸೀಳು ಅಂಕುಡೊಂಕಾಗುತ್ತದೆ, ಕಡ್ಡಿಗೂ ಹಿಪ್ಪಲಿಗೂ ನಡುವೆ ಸಂದು ಉಳಿಯುತ್ತದೆ. ಅಂಥ ಕಸಿ ಹಿಡಿಯುವುದು ಕಷ್ಟ ಅಲ್ವಾ?

ಈಗ ದುಂಡಾಗಿರುವ ಬಾಯಿಯನ್ನು ಪಟ್ಟಿ ಸರಿಮಾಡುವುದಿಲ್ಲ. ಮತ್ತೆ ಕಲ್ಲಿಗೇ ಹೋಗಿ. ಇಳಿಜಾರು ಕಡೆ ಮಸೆಯುತ್ತಾ, ಚಪ್ಪಟೆ ಕಡೆ ಉಗುರಿಗೆ ತೊಡರುವ ಬರ್ (ಮಸೆದಾಗ ಅಂಚಿನಲ್ಲಿ ಮಡಚಿ ನಿಲ್ಲುವ ಲೋಹದ ತೆಳು ಎಳೆ) ಉದ್ದಕ್ಕೂ ಏಳುವವರೆಗೆ ಬಿಡಬೇಡಿ. ಆಮೇಲೆ ಚಪ್ಪಟೆ ಕಡೆ ಮಲಗಿಸಿ ಹಗುರವಾಗಿ ಉಜ್ಜಿ ಬರ್ ತೆಗೆಯಿರಿ. ಪಟ್ಟಿಯ ಸರದಿ ಅದಾದ ಮೇಲೆ. ಯಾವಾಗಲೂ ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯ ಕೊನೆಯಲ್ಲಿ ಮಣಿಕಟ್ಟು ತಿರುಗಿಸಿ ಎತ್ತುವ ಚಟ ತುಂಬಾ ಜನರಿಗಿದೆ, ಹರಿತ ಹಾಳಾಗುವುದು ಅಲ್ಲೇ. ನಿಲ್ಲಿಸಿ, ನೆಟ್ಟಗೆ ಮೇಲಕ್ಕೆತ್ತಿ.

ಸಕಲೇಶಪುರ_ತೋಟ:
ಕಲ್ಲಿಗೆ ಹಾಕಿ ಹೇಳಿದ ಹಾಗೇ ಎಳೆದೆ. ಎಳೆ ಕಡ್ಡಿ ಒಂದೇ ಕೊಯ್ತಕ್ಕೆ ನುಣ್ಣಗೆ ಸೀಳಿತು. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತಲ್ಲ, ಅದಕ್ಕೇನು ಮಾಡುತ್ತೀರಿ?

ಹಾಸನ_ಬಡಗಿ:
ಆಗ ಚರ್ಮವೇ ಬೇಡ. ತೋಪಡ ಹೊಡೆದು ನುಣುಪು ಮಾಡಿದ ಹಲಗೆಗೆ ನೇರವಾಗಿ ಪಾಲಿಶ್ ತಿಕ್ಕಿ. ಗಟ್ಟಿ ಇರುತ್ತದೆ, ಬಾಯಿ ದುಂಡಾಗುವ ಭಯವೂ ಕಡಿಮೆ. ಒಂದು ಸೀಸನ್ ಹಾಗೆ ಬಳಸಿದವರು ಮತ್ತೆ ಬೆಲ್ಟ್ ಹುಡುಕುವುದು ಅನುಮಾನ.