ಪದಚರ್ಚೆ: "ಸಮುದಾಯ ಬೆಂಬಲ ಸೇವೆ" ಅಂದರೆ ನಿಮಗೆ ಏನು ಅರ್ಥವಾಗುತ್ತದೆ?

ಗೆಳೆಯರೇ, ನಮಸ್ಕಾರ.

ಒಂದು ಕರಪತ್ರದಿಂದ ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಕ್ಕನ ಮಗನಿಗೆ ಡೌನ್ ಸಿಂಡ್ರೋಮ್ ಇದೆ. ಈಗ 24 ವರ್ಷ. ಅವನು ಹಗಲು ಹೋಗಿಬರುವ ಕೇಂದ್ರ ಇಲ್ಲೇ ಬೆಂಗಳೂರಿನ ಪಶ್ಚಿಮದ ಕಡೆ ಒಂದು ಬಡಾವಣೆಯಲ್ಲಿದೆ. ಅಲ್ಲಿನ ತಂದೆತಾಯಿಯರು ಸೇರಿ ಒಂದು ಇಂಗ್ಲಿಷ್ ಕರಪತ್ರ ಮಾಡಿದ್ದಾರೆ. "ಕಮ್ಯುನಿಟಿ ಸಪೋರ್ಟ್ ಸರ್ವಿಸಸ್" ಅಂತ ಅದರ ತಲೆಬರಹ. ನೀನು ಪದ ಪದ ಅಂತ ಸದಾ ಒದ್ದಾಡುತ್ತೀಯಲ್ಲ, ಕನ್ನಡ ಮಾಡಿಕೊಡು ಅಂತ ಅಕ್ಕ ನನ್ನ ತಲೆಗೆ ಕಟ್ಟಿದಳು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. "ಸಮುದಾಯ ಬೆಂಬಲ ಸೇವೆಗಳು" ಅಂತ ಬರೆದು, ಉಳಿದದ್ದನ್ನು ತುಂಬಿಸಿ ಕಳಿಸಿದೆ.

ಅಚ್ಚಿಗೆ ಕೊಡುವ ಮುಂಚೆ ನಾಲ್ಕು ಜನ ತಾಯಂದಿರಿಗೆ ಓದಲು ಕೊಟ್ಟೆವು. ಮೊದಲನೆಯವರು ಕೇಳಿದ್ದು ಇಷ್ಟು: "ಇದು ಯಾವ ಸಮುದಾಯದವರದ್ದು ಸಾರ್? ನಮ್ಮನ್ನೂ ಸೇರಿಸ್ಕೊಳ್ತಾರಾ?"

ಮೊದಲು ನಗು ಬಂತು. ಆಮೇಲೆ ಆ ದಿನದ ಪೇಪರ್ ತಿರುವಿ ಹಾಕಿದರೆ ಆಕೆ ಹೇಳಿದ್ದೇ ಸರಿ. ಸಮುದಾಯದ ಮುಖಂಡರು, ನಮ್ಮ ಸಮುದಾಯಕ್ಕೆ ಅನ್ಯಾಯ, ಆ ಸಮುದಾಯಕ್ಕೂ ಟಿಕೆಟ್ ಕೊಡಿ. ಜಾತಿ ಅನ್ನಲು ಬಾಯಿ ಬಾರದ ಕಡೆಯೆಲ್ಲ ನಾವು ಸಮುದಾಯ ಅನ್ನುತ್ತೇವೆ, ಅಲ್ವಾ? "ಸಮುದಾಯ ಆರೋಗ್ಯ ಕೇಂದ್ರ"ದ ಬೋರ್ಡಿನ ಮೇಲೆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ, ಆದರೆ ಅದನ್ನು ಜನ ಕರೆಯುವುದು ಸರ್ಕಾರಿ ಆಸ್ಪತ್ರೆ ಅಂತಲೇ.

ಬೆಂಬಲದ್ದೂ ಇದೇ ಪಾಡು. ಎಷ್ಟು ಚೆಂದದ ಪದ, ಬೆನ್ನಿಗೆ ಬಲ, ಬೆಂಬಲ. ಈಗ ಅದು ರಾಗಿ ಭತ್ತದ ಬೆಂಬಲ ಬೆಲೆ, ಇಲ್ಲದಿದ್ದರೆ ಪಕ್ಷೇತರ ಶಾಸಕರು ಕೊಟ್ಟು ವಾಪಸ್ ಪಡೆಯುವ ವಸ್ತು. ಸೇವೆ ಅಂದರೆ ಒಂದೋ ದೇವಸ್ಥಾನದ ರಸೀದಿ, ಇಲ್ಲವೋ ಪುಣ್ಯದ ಕೆಲಸ. ಮೂರನ್ನೂ ಒಟ್ಟಿಗೆ ಓದಿದರೆ ಯಾವುದೋ ಜಾತಿ ಸಂಘ ಚುನಾವಣೆಗೆ ಬೆಂಬಲ ಘೋಷಿಸಿ ಜೊತೆಗೆ ಅನ್ನದಾನವನ್ನೂ ಇಟ್ಟುಕೊಂಡಿರುವ ಹಾಗೆ ಕೇಳಿಸುತ್ತದೆ. ಒಂದೊಂದು ಪದವೂ ನಿಘಂಟಿನ ಪ್ರಕಾರ ಸರಿ. ಸೇರಿಸಿದರೆ ತಪ್ಪು.

ಇದು ನನ್ನ ಕರಪತ್ರದ ಗೋಳು ಮಾತ್ರ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ಇದೇ ಮಾತು ಬರುತ್ತದೆ. ಯಾರನ್ನೂ ಇಂಥ ಕಡೆಯೇ ಇರು ಅಂತ ಕಟ್ಟಿಹಾಕಬಾರದು, ಎಲ್ಲರ ನಡುವೆ ಬದುಕಲು ಬೇಕಾದ ಸಹಾಯ ಅವರಿಗೆ ಸಿಗಬೇಕು ಅನ್ನುವುದು ಅದರ ಸಾರ. ಸರಳವಾಗಿ ಹೇಳಿದರೆ, ಊರಾಚೆಯ ಯಾವುದೋ ಸಂಸ್ಥೆಗೆ ಸೇರಿಸಿ ಕೈ ತೊಳೆದುಕೊಳ್ಳದೆ ಇದೇ ಬೀದಿ, ಇದೇ ಅಂಗಡಿ, ಇದೇ ಬಸ್ಸಿನ ಮಧ್ಯೆ ಬದುಕುವುದು. ಅಂದರೆ ಕಾಯ್ದೆ ಇದನ್ನು ಹಕ್ಕು ಅನ್ನುತ್ತಿದೆ. ನಮ್ಮ "ಸೇವೆ" ಇನ್ನೂ ಹುಂಡಿಯ ಪಕ್ಕದಲ್ಲೇ ನಿಂತಿದೆ.

ಹಾಗಾದರೆ ಸಪೋರ್ಟ್‌ಗೆ ಏನು ಹೇಳೋಣ? ಪದ ಹುಡುಕುವ ಮೊದಲು ಆ ಕೆಲಸ ಏನು ಅಂತ ನೋಡಿ. ಅಕ್ಕನ ಮಗನಿಗೆ ಒಬ್ಬನೇ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಹೋಗುವುದನ್ನು ಕಲಿಸಿದ್ದು ಹೀಗೆ. ಕೇಂದ್ರದ ಒಬ್ಬ ಹುಡುಗ ಮೊದಲ ಕೆಲವು ವಾರ ಅವನ ಪಕ್ಕದ ಸೀಟಿನಲ್ಲಿ ಕೂತ. ಆಮೇಲೆ ಎರಡು ಸೀಟು ಹಿಂದೆ. ಆಮೇಲೆ ಬಸ್ಸಿನ ಹಿಂದೆ ಬೈಕಿನಲ್ಲಿ. ಕೊನೆಗೆ ಇಳಿಯುವ ಸ್ಟಾಪಿನಲ್ಲಿ ಸುಮ್ನೆ ನಿಂತಿದ್ದ, ಒಂದು ದಿನ ಅದೂ ಇಲ್ಲ. ಅಕ್ಕ ಆ ದಿನ ಮಧ್ಯಾಹ್ನದವರೆಗೆ ಊಟ ಮಾಡಲಿಲ್ಲ, ಅದು ಬೇರೆ ಕಥೆ. ನನಗೆ ಕಂಡದ್ದು ಏನೆಂದರೆ, ಇಲ್ಲಿ ಸಪೋರ್ಟ್ ಅಂದರೆ ಹಿಡಿದುಕೊಳ್ಳುವುದಲ್ಲ, ಎಷ್ಟು ಬೇಕೋ ಅಷ್ಟು ಹಿಡಿದು ಮೆಲ್ಲಗೆ ಕೈ ಸಡಿಲ ಮಾಡುವುದು. ಎಲ್ಲ ವಿಷಯದಲ್ಲೂ ಹೀಗೆ ಸಡಿಲಿಸಲು ಆಗುವುದಿಲ್ಲ. ದುಡ್ಡಿನ ಲೆಕ್ಕಕ್ಕೆ ಅವನಿಗೆ ಯಾವಾಗಲೂ ಒಬ್ಬರು ಬೇಕು. ಆ ಎರಡೂ ಒಂದೇ ಪದದೊಳಗೆ ಹಿಡಿಸಬೇಕು.

"ಆಸರೆ" ಎಲ್ಲರ ಬಾಯಿಗೂ ಮೊದಲು ಬರುವ ಪದ. ನನಗೆ ಒಪ್ಪಿಗೆಯಿಲ್ಲ. ಆಸರೆ ತೆಗೆದರೆ ಬಿದ್ದುಹೋಗುತ್ತದೆ, ಬಾಳೆಗೊನೆಗೆ ಕೊಟ್ಟ ಕವೆಗೋಲಿನ ಹಾಗೆ. ಜೊತೆಗೆ ಅದಕ್ಕೆ ನಿರ್ಗತಿಕರ ವಾಸನೆ ಅಂಟಿಕೊಂಡಿದೆ. 2009ರ ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ಕಟ್ಟಿದ್ದೂ ಆಸರೆ ಮನೆಗಳೇ. (ದಕ್ಷಿಣ ಕನ್ನಡದ ಗೆಳೆಯರಿಗೆ ಕೇಳಿದರೆ "ಆಸರಿಗೆ ಎಂತ ಬೇಕು?" ಅಂತ ಮಜ್ಜಿಗೆ ತಂದುಕೊಟ್ಟರು. ಅಲ್ಲಿ ಆಸರು ಅಂದರೆ ಬಾಯಾರಿಕೆ. ಅದಂತೂ ಇನ್ನೂ ಗೋಜಲು.) "ಹೆಗಲು ಕೊಡುವುದು" ಅಂತ ಒಬ್ಬರು ಸೂಚಿಸಿದರು, ನಾಲ್ಕು ಜನ ಸೇರಿ ಹೆಗಲು ಕೊಡುವುದು ಯಾವಾಗ ಅಂತ ನೆನಪಾಗಿ ಅವರೇ ನಾಲಿಗೆ ಕಚ್ಚಿಕೊಂಡರು. "ಒತ್ತಾಸೆ" ನನಗೆ ಇಷ್ಟ. ಬೆನ್ನ ಹಿಂದೆ ನಿಂತ ಭಾವ ಇದೆ, ದಾನದ ವಾಸನೆ ಇಲ್ಲ. ಆದರೆ ಬೆಂಗಳೂರಿನ ಹುಡುಗರಿಗೆ ಈ ಪದ ಗೊತ್ತಾ? ಮಂಡ್ಯ ಮೈಸೂರಿನವರು ದಿನದ ಮಾತಿನಲ್ಲಿ ಈಗಲೂ ಬಳಸುತ್ತೀರಾ, ಇಲ್ಲ ಬರೀ ಬರಹದಲ್ಲಾ?

ನನ್ನ ಮನಸ್ಸು ಸದ್ಯ "ಜೊತೆ" ಕಡೆಗೆ ವಾಲಿದೆ. ಆಸ್ಪತ್ರೆಯಲ್ಲಿ "ಜೊತೆಗೆ ಯಾರು ಬಂದಿದ್ದೀರ?" ಅಂತ ಕೇಳುತ್ತಾರಲ್ಲ, ಆ ಜೊತೆ. ಸಪೋರ್ಟ್ ವರ್ಕರ್ ಅಂದರೆ "ಜೊತೆಗಾರ". ಮೇಲು ಕೀಳಿಲ್ಲ. ಕಮ್ಯುನಿಟಿಗೆ "ನೆರೆಹೊರೆ". ವಠಾರ ಅನ್ನಬಹುದಿತ್ತು, ಈಗ ವಠಾರಗಳೇ ಇಲ್ಲ, ಅಪಾರ್ಟ್‌ಮೆಂಟ್ ಆಗಿವೆ.

ಎರಡನೆಯ ಕಷ್ಟ ರೆಸ್ಪೈಟ್ ಕೇರ್. ನೋಡಿಕೊಳ್ಳುವವರಿಗೆ ಸ್ವಲ್ಪ ಬಿಡುವು ಸಿಗಲಿ ಅಂತ ಮಗನನ್ನೋ ಮಗಳನ್ನೋ ಕೆಲವು ದಿನ ಬೇರೆಯವರು ನೋಡಿಕೊಳ್ಳುವ ಏರ್ಪಾಡು ಇದು. ಮದುವೆ ಇರಬಹುದು, ಆಪರೇಷನ್ ಇರಬಹುದು, ಸುಮ್ನೆ ನಿದ್ದೆಯೂ ಇರಬಹುದು. ಇಂಥವರಿಗಾಗಿ ಕೇಂದ್ರ ಸರ್ಕಾರ ಮಾಡಿದ ಸಂಸ್ಥೆ ನ್ಯಾಷನಲ್ ಟ್ರಸ್ಟ್. ಅದು ಇದಕ್ಕೆಂದೇ ಶುರು ಮಾಡಿದ ಯೋಜನೆಯ ಹೆಸರು "ಸಮರ್ಥ್". ಯಾರು ಸಮರ್ಥರು, ಯಾಕೆ, ಒಂದೂ ತಿಳಿಯುವುದಿಲ್ಲ. ದೊಡ್ಡವರಾದವರು ಒಟ್ಟಿಗೆ ಇರುವ ಮನೆಗಳ ಯೋಜನೆ, ಅವರದೇ "ಘರೌಂದಾ", ನಮ್ಮವರ ನಾಲಿಗೆಗೆ ಹೊರಳುವುದಿಲ್ಲ. "ನಿರಾಮಯ" ಮಾತ್ರ ಸಲೀಸು. ಅದು 1 ಲಕ್ಷದವರೆಗಿನ ಆರೋಗ್ಯ ವಿಮೆ.

ನಾನು "ಬಿಡುವಿನ ಆರೈಕೆ" ಅಂತ ಬರೆದಿದ್ದೆ. ಒಬ್ಬ ತಾಯಿ ಅದನ್ನು ಎರಡು ಸಲ ಓದಿ, "ಬಿಡೋದಾ? ನಾನು ಅವಳನ್ನ ಎಲ್ಲೂ ಬಿಡಲ್ಲ" ಅಂದುಬಿಟ್ಟರು. ಬಿಡುವಿನೊಳಗೆ ಬಿಡು ಕೂತಿದೆ ಅಂತ ನನಗೆ ಹೊಳೆದೇ ಇರಲಿಲ್ಲ. ಈ ತಾಯಂದಿರು "ಎಲ್ಲಾದ್ರೂ ಬಿಟ್ಬಿಡಿ" ಅನ್ನುವ ಮಾತನ್ನು ನೆಂಟರ ಬಾಯಲ್ಲಿ ಎಷ್ಟು ಸಲ ಕೇಳಿದ್ದಾರೋ. "ವಿರಾಮ" ಟಿ.ವಿ.ಯವರ ಚಿಕ್ಕ ವಿರಾಮದ ಹಾಗಿದೆ. "ತಾತ್ಕಾಲಿಕ ಆರೈಕೆ" ಅಂದರೆ ಎಷ್ಟು ಹೊತ್ತು ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. "ಸುಧಾರಿಸಿಕೊಳ್ಳುವುದು" ಬಹಳ ಹತ್ತಿರ ಬರುತ್ತದೆ. ಮೆಟ್ಟಿಲು ಹತ್ತಿ ಬಂದವರಿಗೆ "ಸ್ವಲ್ಪ ಸುಧಾರಿಸ್ಕೊಳ್ಳಿ" ಅನ್ನುತ್ತೇವಲ್ಲ. ಆದರೆ ಬರಹದಲ್ಲಿ ಅದು ಸುಧಾರಣೆ ಆಗಿಬಿಟ್ಟರೆ, ಮಗುವನ್ನು ಸುಧಾರಿಸುತ್ತಾರೆ ಅಂತ ಓದಿಕೊಳ್ಳುವ ಅಪಾಯ ಇದೆ. ಹಾಗಾಗಿ "ದಣಿವಾರಿಸು". ದಣಿವು ಆರುವುದು, ಬೆವರು ಆರುವ ಹಾಗೆ. "ದಣಿವಾರಿಸಿಕೊಳ್ಳಲು ಎರಡು ದಿನ" ಅಂತ ಬರೆದು ಅದೇ ತಾಯಿಗೆ ತೋರಿಸಿದೆ. ಏನೂ ಅನ್ನಲಿಲ್ಲ, ಫೋನ್ ನಂಬರ್ ಎಲ್ಲಿದೆ ಅಂತ ಕೇಳಿದರು. ನಮ್ಮಲ್ಲಿ ಈ ಏರ್ಪಾಡಿಗೆ ಪದ ಇಲ್ಲದಿರುವುದಕ್ಕೆ ಕಾರಣ ಸರಳ, ತವರು ಇತ್ತು. ಮಕ್ಕಳನ್ನು ಅಜ್ಜಿ ನೋಡಿಕೊಳ್ಳುತ್ತಿದ್ದರು, ಹೆಸರಿಡುವ ಅಗತ್ಯ ಬೀಳಲಿಲ್ಲ.

ಮೂರನೆಯದು ಗಾರ್ಡಿಯನ್, ಅಂದರೆ ಇನ್ನೊಬ್ಬರ ಪರವಾಗಿ ಕಾನೂನಿನ ತೀರ್ಮಾನ ತೆಗೆದುಕೊಳ್ಳುವವರು. ಇದು ಪದದ ತಮಾಷೆ ಅಲ್ಲ, ಇದರಿಂದ ಜನ ನಿಜವಾಗಿ ಓಡಾಡಿ ಸುಸ್ತಾಗುತ್ತಾರೆ. 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಮಗ ದೊಡ್ಡವನು. ತಂದೆತಾಯಿ ತಾವಾಗಿಯೇ ಗಾರ್ಡಿಯನ್ ಆಗಿ ಮುಂದುವರಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಯ ಮುಂದಾಳತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಆದೇಶ ಪಡೆಯಬೇಕು. ಕನ್ನಡದಲ್ಲಿ ಇದನ್ನು "ಪೋಷಕರ ನೇಮಕ" ಅಂತ ಬರೆದರೆ ಏನಾಗುತ್ತದೆ ಯೋಚಿಸಿ. ಇಪ್ಪತ್ತು ವರ್ಷ ಶಾಲೆಯ ಡೈರಿಯಲ್ಲಿ "ಪೋಷಕರ ಸಹಿ" ಹಾಕಿದ ಭಾವನವರು ಕೇಳಿದರು, "ನಾನು ಪೋಷಕ ಅಲ್ದೆ ಇನ್ಯಾರು? ನನ್ನ ಮಗನಿಗೆ ನನ್ನನ್ನೇ ನೇಮಕ ಮಾಡೋಕೆ ಡಿ.ಸಿ. ಯಾಕೆ ಬೇಕು?" ಪೇರೆಂಟ್‌ಗೂ ಗಾರ್ಡಿಯನ್‌ಗೂ ನಾವು ಒಂದೇ ಪದ ಇಟ್ಟುಕೊಂಡು ಕೂತಿದ್ದೇವೆ. "ಪಾಲಕ" ಅಂದರೆ ಧಾರವಾಡದ ಕಡೆ ಅದೂ ತಂದೆತಾಯಿಯೇ, ಪಾಲಕರ ಸಭೆ ಅಂತಲೇ ಕರೆಯುತ್ತಾರೆ. "ರಕ್ಷಕ" ಪೊಲೀಸಿನವರಿಗೆ ಹೋಗಿದೆ. ಗಾರ್ಡಿಯನ್ ಅಂತಲೇ ಕನ್ನಡ ಲಿಪಿಯಲ್ಲಿ ಬರೆದುಬಿಡುವವರೇ ಬಹುಶಃ ಜಾಣರು. ನಾನು "ಕಾನೂನಿನ ಹೊಣೆಗಾರ" ಅಂತ ಬರೆದಿದ್ದೇನೆ. ಸಾಲದವರಿಗೆ ಜಾಮೀನು ನಿಂತ ಹಾಗೆ ಕೇಳಿಸುತ್ತದಾ?

ವ್ಯಕ್ತಿಯನ್ನು ಏನಂತ ಕರೆಯಬೇಕು ಅನ್ನುವ ಜಗಳ ಮಾತ್ರ ದಯವಿಟ್ಟು ಇಲ್ಲಿ ಬೇಡ. ಬುದ್ಧಿಮಾಂದ್ಯ ಅನ್ನುವುದನ್ನು ನಾವು ಬಿಟ್ಟಾಯಿತು. "ವಿಕಲಚೇತನ" ಅನ್ನುವುದು ಸರ್ಕಾರಿ ಇಲಾಖೆಯ ಪದ, ನನಗೆ ಅದು ಅಂಗವಿಕಲಕ್ಕಿಂತ ಕೆಟ್ಟದ್ದು, ಕೈಕಾಲು ಬಿಟ್ಟು ಚೇತನವನ್ನೇ ವಿಕಲ ಅಂದ ಹಾಗಾಯಿತು. ಆಟಿಸಂಗೆ "ಸ್ವಲೀನತೆ" ಅಂದರೆ ಯಾರೋ ತಪಸ್ಸಿಗೆ ಕೂತ ಹಾಗಿದೆ. ಕರಪತ್ರದಲ್ಲಿ "ಬೆಳವಣಿಗೆಯಲ್ಲಿ ತೊಡಕಿರುವವರು" ಅಂತ ಹಾಕಿದ್ದೇನೆ. ಸಾಕು.

ಹಾಗಾಗಿ ಈಗಿನ ತಲೆಬರಹ "ನೆರೆಹೊರೆಯಲ್ಲೇ ಬದುಕಲು ಜೊತೆ". ಚೆನ್ನಾಗಿದೆಯಾ, ಇಲ್ಲ ಮದುವೆ ಬ್ಯೂರೋ ಥರ ಕೇಳಿಸುತ್ತದಾ, ಮುಲಾಜಿಲ್ಲದೆ ಹೇಳಿ. "ಸಪೋರ್ಟ್ ಅಂತಲೇ ಹಾಕು, ಎಲ್ಲರಿಗೂ ಗೊತ್ತು" ಅನ್ನುವುದು ಅಕ್ಕನ ಓಟು. ಕಲಬುರಗಿ, ಕುಂದಾಪುರ, ಕೊಳ್ಳೇಗಾಲ ಕಡೆ ಕೈ ಹಿಡಿದು ಆಮೇಲೆ ಬಿಡುವುದಕ್ಕೆ ಒಂದೇ ಮಾತು ಇದ್ದರೆ ತಿಳಿಸಿ. ಶುಕ್ರವಾರ ಸುಲ್ತಾನ್‌ಪೇಟೆಯ ಪ್ರೆಸ್‌ಗೆ ಕೊಡಬೇಕು. ಹಿಂಬದಿಯಲ್ಲಿ ಇನ್ನೂ ಎರಡು ಸಾಲಿಗೆ ಜಾಗ ಇದೆ.